ಹಿರಿಯಾನೆ ಕದಲುವ ತನಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಚಹಾ ತೋಟದ ಅಂಚಿನ ಮರದ ಅಟ್ಟಣೆಯ ಮೇಲೆ ಅವಳು ಉಸಿರು ಬಿಗಿಹಿಡಿದು ಕೂತಿದ್ದಾಳೆ. ಕೆಳಗೆ ಮಂಜಿನೊಳಗೆ ಆನೆಗಳು ತೋಟ ದಾಟಿ ಕಾಡಿಗೆ ಮರಳುತ್ತಿವೆ. ಸದ್ದೇ ಇಲ್ಲ. ಅಷ್ಟು ದೊಡ್ಡ ಮೈಗಳು ಅಷ್ಟು ಮೆತ್ತಗೆ ನಡೆಯುವುದೇ ಅವಳಿಗೆ ಎಲ್ಲಕ್ಕಿಂತ ಹೆಚ್ಚು ದಿಗಿಲು. ಒಂದೊಂದು ನೆರಳು ದಾಟಿದಾಗಲೂ ಅವಳು ಸೀರೆಯ ಮೇಲೆ ತೊಟ್ಟ ಸ್ವೆಟರಿನ ಎಡ ಜೇಬಿನಿಂದ ಒಂದು ಅಂಗಿ ಗುಂಡಿ ಬಲ ಜೇಬಿಗೆ ಬೀಳುತ್ತದೆ. ಹದಿನಾಲ್ಕು ಆನೆ, ಹದಿನಾಲ್ಕು ಗುಂಡಿ.

ಎಡ ಜೇಬು ಖಾಲಿಯಾಗುತ್ತದೆ. ಆದರೂ ಅವಳು ಕೆಂಪು ಬಾವುಟ ಇಳಿಸುವುದಿಲ್ಲ. ಅದು ಇಳಿಯದೆ, ಗೇಟಿನಾಚೆ ಬುಟ್ಟಿ ಹೊತ್ತು ನಿಂತ ಅರವತ್ತೆರಡು ಹೆಂಗಸರು ಗಿಡದ ಸಾಲಿಗೆ ಕಾಲಿಡುವಂತಿಲ್ಲ.

ತೋಟದವರು ಅವಳನ್ನು ಕರೆಯುವುದು ಎಣಿಕೆ ಅಕ್ಕ ಎಂದು. ಮೊದಲು ಈ ಕೆಲಸ ಮಾವನದಾಗಿತ್ತು. ಅವರ ಕಣ್ಣು ಮಬ್ಬಾದ ಮೇಲೆ ಇವಳು ಏಣಿ ಹತ್ತಿದಳು. ಹತ್ತೊಂಬತ್ತು ವರ್ಷವಾಯಿತು. ನಾಲ್ಕೂವರೆಗೆ ಮನೆ ಬಿಡಬೇಕು. ಏಣಿಗೆ ಮೂವತ್ತೆರಡು ಮೆಟ್ಟಿಲು. ಹಿಂಡು ದಿನವೂ ಬರುವುದಿಲ್ಲ, ವಾರಕ್ಕೆ ಎರಡೋ ಮೂರೋ ಸಲ. ಬಾರದ ದಿನ ಸಮಾಧಾನವೇ ಎಂದು ಕೇಳಿದರೆ ತಲೆ ಅಲ್ಲಾಡಿಸುತ್ತಾಳೆ. "ಬಂದ್ರೆ ಎಲ್ಲಿದಾವೆ ಅಂತ ಗೊತ್ತಿರತ್ತೆ. ಬರ್ದೇ ಇದ್ರೆ ಎಲ್ಲಾ ಕಡೆನೂ ಇದ್ದಂಗೆ."

ಇಷ್ಟು ವರ್ಷ ಕೂತು ನೋಡಿದ್ದರಿಂದ ಹಿಂಡಿನ ಮನೆವಾರ್ತೆ ಅವಳಿಗೆ ಬಾಯಿಪಾಠ. ಯಜಮಾನಿಕೆ ಹಿರಿಯ ಹೆಣ್ಣಿನದು. ಉಳಿದವರು ಅದರ ತಂಗಿಯರು, ಮಕ್ಕಳು, ಮೊಮ್ಮಕ್ಕಳು. ಮರಿಗಳು ನಡುವೆ, ಚಿಕ್ಕಮ್ಮಂದಿರು ಸುತ್ತ. ಮೀಸೆ ಬರುವ ವಯಸ್ಸಿನ ಗಂಡುಗಳು ಒಂದು ದಿನ ಹಿಂಡು ಬಿಟ್ಟು ಹೋಗುತ್ತವೆ. ಯಾರಾದರೂ ಹಿಂದುಳಿದರೆ ಹಿರಿಯಾನೆ ನಿಲ್ಲುತ್ತದೆ. ಆಗ ಅದು ಕೊಡುವ ಕರೆ ಕಿವಿಗೆ ಕೇಳುವುದಿಲ್ಲ. ಅಟ್ಟಣೆಯ ಹಲಗೆಯಲ್ಲಿ, ಎದೆಗೂಡಿನಲ್ಲಿ ಗುಂಯ್ ಎನ್ನುತ್ತದೆ.

ಹನ್ನೊಂದು ವರ್ಷದ ಹಿಂದೆ ಆ ಗುಂಯ್‌ಗೆ ಅವಳು ಬೆಲೆ ಕೊಡಲಿಲ್ಲ. ಆಗ ಎಣಿಸುತ್ತಿದ್ದುದು ಬೆರಳು ಮಡಚಿ. ಹಿಂಡಿನಲ್ಲಿದ್ದವು ಹನ್ನೊಂದು, ಎಣಿಸಿದ್ದೂ ಹನ್ನೊಂದು. ಬಾವುಟ ಇಳಿಸಿದಳು. ದಾಟಿ ಹೋಗಿದ್ದ ಒಂದು ಚಿಕ್ಕಮ್ಮ ಹಿಂದುಳಿದವಳನ್ನು ಹುಡುಕಿಕೊಂಡು ವಾಪಸು ಬಂದು, ಮತ್ತೆ ದಾಟಿತ್ತು. ಒಂದೇ ಆನೆಗೆ ಇವಳು ಎರಡು ಬೆರಳು ಮಡಚಿದ್ದಳು. ಉಳಿದ ಆನೆ ಸಾಲಿನೊಳಗೇ ಇತ್ತು. ಹೆಂಗಸರಲ್ಲಿ ಎಲ್ಲರಿಗಿಂತ ಮುಂದೆ ಸಾಲಿಗಿಳಿದವಳು ಅವಳ ಗಂಡನ ತಂಗಿ.

"ಹಿರಿಯಾನೆ ನಿಂತಿದ್ದು ಕಾಣ್ತಿತ್ತು. ಮೈ ತುರಿಸ್ಕೊಳ್ತಿದಾಳೆ ಅಂದ್ಕೊಂಡೆ," ಎನ್ನುತ್ತಾಳೆ. ನಾದಿನಿ ಬದುಕಿದಳು, ಎಡಗಾಲು ಮಾತ್ರ ನೆಟ್ಟಗಾಗಲಿಲ್ಲ. ಬೇರೆ ಬೇರೆ ಗುಂಡಿಗಳನ್ನು ಹುಡುಕಿ, ಒಂದೊಂದಕ್ಕೂ ಒಂದೊಂದು ಆನೆಯನ್ನು ಗೊತ್ತು ಮಾಡಿಕೊಟ್ಟವಳು ಆ ನಾದಿನಿಯೇ. ಕಪ್ಪು ಕೋಟಿನ ದೊಡ್ಡ ಗುಂಡಿ ಹಿರಿಯಾನೆ. ಬಿರುಕು ಬಿಟ್ಟ ಕಂದು ಗುಂಡಿ, ಕುಂಟುವ ಮುದಿ ತಂಗಿ.

ಇವತ್ತು ಮಂಜಿನಲ್ಲಿ ಮುಖ ಕಂಡಿಲ್ಲ, ಬರೀ ಆಕಾರ ಕಂಡಿದೆ. ಕಂದು ಗುಂಡಿ ಬಲ ಜೇಬಿಗೆ ಬಿದ್ದದ್ದು ಯಾವ ನೆರಳಿಗೆ? ಕಾಡಂಚಿನಲ್ಲಿ ಹಿರಿಯಾನೆ ಕಿವಿ ಅಗಲಿಸಿ, ಸೊಂಡಿಲ ತುದಿ ಇತ್ತ ತಿರುಗಿಸಿ ನಿಂತೇ ಇದೆ.

ಗೇಟಿನಿಂದ ಮೇಸ್ತ್ರಿಯ ಫೋನು. ಎಣಿಕೆ ಮುಗಿಯಿತೇ ಎಂದು ಕೇಳುತ್ತಾನೆ. ಮುಗಿಯಿತು, ಆದರೆ ಹಿರಿಯವಳು ಹೋಗುತ್ತಿಲ್ಲ ಎನ್ನುತ್ತಾಳೆ.

"ಆನೆಗೆ ಪುರುಸೊತ್ತಿದೆ ಕಣಕ್ಕ, ನಮಗಿಲ್ಲ. ಲೆಕ್ಕ ಸರಿ ಇದ್ಮೇಲೆ ಇಳ್ಸು."

ಫೋನಿನಲ್ಲಿ ಹೆಂಗಸರ ಗೊಣಗಾಟ, ಯಾರೋ ಗೇಟಿನ ಚಿಲಕ ಎಳೆದ ಸದ್ದು ಕೇಳುತ್ತದೆ. ಅದರ ಮೇಲೆ ನಾದಿನಿಯ ದನಿ: "ಅತ್ತಿಗೆ ಇಳಿಸೋ ತನಕ ನಾನು ಏಳಲ್ಲ. ಹೋಗೋರು ಹೋಗ್ರಮ್ಮ, ನಿಮ್ಮ ಬುತ್ತಿ ಇಲ್ಲೇ ಇಟ್ಟು ಹೋಗಿ, ಮಧ್ಯಾಹ್ನಕ್ಕೆ ನಾನೇ ತಿಂತೀನಿ." ಚಿಲಕ ಮತ್ತೆ ಬೀಳುತ್ತದೆ.

ಇಪ್ಪತ್ತು ನಿಮಿಷ. ಗೇಟಿನ ಪಕ್ಕದ ಮೂರನೇ ಸಾಲಿನ ತಗ್ಗಿನಲ್ಲಿ, ಬಂಡೆ ಎಂದು ಅವಳು ಅಷ್ಟು ಹೊತ್ತು ನೋಡುತ್ತಿದ್ದುದು ಕಿವಿ ಬೀಸುತ್ತದೆ. ಅಲ್ಲಿಂದ ಹೆಂಗಸರಿಗೆ ಮೂವತ್ತು ಹೆಜ್ಜೆಯೂ ಇಲ್ಲ. ಮುದಿ ತಂಗಿ ಕುಂಟುತ್ತ ಏರಿ ಹತ್ತಿ, ಗಿಡಗಳನ್ನು ಬಳಸಿಕೊಂಡು ಕಾಡಂಚಿಗೆ ಹೋಗುತ್ತದೆ. ಹಿಂಡು ಅದನ್ನು ಮುತ್ತುತ್ತದೆ. ಹಿರಿಯಾನೆ ಸೊಂಡಿಲ ತುದಿಯನ್ನು ತಂಗಿಯ ಬಾಯೊಳಗಿಟ್ಟು ತೆಗೆಯುತ್ತದೆ. ಆಮೇಲೆ ಎಲ್ಲವೂ ತಿರುಗಿ ಮರಗಳೊಳಗೆ ಕರಗುತ್ತವೆ.

ಬಾವುಟ ಇಳಿಯುತ್ತದೆ. ಮೊದಲು ಸಾಲಿಗೆ ನುಗ್ಗುವವಳು ಇವತ್ತೂ ನಾದಿನಿಯೇ. ಅಟ್ಟಣೆಯ ಕೆಳಗೆ ಹಾಯುವಾಗ ತಲೆಯೆತ್ತಿ, ತಡ ಮಾಡಿದವಳು ಯಾರು ಎಂದು ಕೇಳುತ್ತಾಳೆ. ಕುಂಟಿ ಎಂದು ಮೇಲಿನಿಂದ ಉತ್ತರ.

"ಪಾಪ, ನನ್ನ ಕಷ್ಟ ಅವಳಿಗಲ್ದೆ ಇನ್ಯಾರಿಗೆ ಗೊತ್ತಾಗತ್ತೆ," ಎಂದು ನಗುತ್ತ ಸಾಗುತ್ತಾಳೆ.

ಎಣಿಕೆ ಅಕ್ಕನಿಗೆ ತೋಟದವರಿಂದ ಬೇಕಾದದ್ದು ಒಂದೇ: ಏಣಿಗೆ ಹಿಡಿದುಕೊಳ್ಳಲು ಒಂದು ಕಂಬಿ. ಹತ್ತುವುದಕ್ಕಲ್ಲ, ಇಳಿಯುವುದಕ್ಕೆ. ನಾಲ್ಕನೇ ಮೆಟ್ಟಿಲಲ್ಲಿ ನಿಂತು, ಸೀರೆಯ ನೆರಿಗೆ ಅದುರುವುದನ್ನು ಮುಚ್ಚಿಡದೆ ತೋರಿಸುತ್ತಾಳೆ.

"ಕಾಲು ನಡುಗತ್ತೆ ನೋಡಿ. ಬಾವುಟ ಇಳಿಸೋ ತನಕ ಒಂದಿನಾನೂ ನಡುಗಿಲ್ಲ."