ಅತ್ತಿಗೆಯ ದಾರ

ನಮ್ಮ ಅತ್ತಿಗೆಯಂಥವರು ಊರಿಗೊಬ್ಬರಿದ್ದರೆ ಆಸ್ಪತ್ರೆಗಳೆಲ್ಲ ಬಾಗಿಲು ಹಾಕಿಕೊಳ್ಳಬೇಕಾಗುತ್ತದೆ. ಹಾಸಿಗೆ ಹಿಡಿದ ಅಮ್ಮನನ್ನು ಆರು ವರ್ಷದಿಂದ ಅವರೊಬ್ಬರೇ ನೋಡಿಕೊಳ್ಳುತ್ತಿದ್ದಾರೆ. ಅಮ್ಮನ ಬೆನ್ನಿನ ಮೇಲೆ ಒಂದು ಹುಣ್ಣೂ ಆಗಿಲ್ಲ. ಮಗ್ಗುಲು ಬದಲಿಸುವ ಹೊತ್ತು ಅವರಿಗೆ ಗೊತ್ತಾದ ಮೇಲೆಯೇ ಗಡಿಯಾರಕ್ಕೆ ಗೊತ್ತಾಗುವುದು. ಕನಿಕರ ತೋರಿಸಲು ಬಂದವರಿಗೆ, "ನಂಗೇನಾಗಿದೆ, ಗುಂಡುಕಲ್ಲಿನ ಹಾಗಿದೀನಿ" ಎಂದು ಕಾಫಿ ಕೊಟ್ಟು ಕಳಿಸುತ್ತಾರೆ. ಮಧ್ಯಾಹ್ನ ಅರ್ಧ ಗಂಟೆ ಮಲಗುವಾಗ ತಮ್ಮ ಮಣಿಕಟ್ಟಿಗೂ ಅಮ್ಮನ ಬೆರಳಿಗೂ ಒಂದು ದಾರ ಕಟ್ಟಿಕೊಳ್ಳುತ್ತಾರೆ. ಅಮ್ಮ ಬೆರಳು ಆಡಿಸಿದರೆ ಸಾಕು, ಎದ್ದು ನಿಂತಿರುತ್ತಾರೆ. ಹೋದ ವಾರ ಅಮ್ಮನ ಹತ್ತಿರ ನಾನು ಕೂತು, ಅವರನ್ನು ಬಲವಂತವಾಗಿ ಅವರ ತಂಗಿಯ ಮನೆಗೆ ಕಳಿಸಿದೆ. ಮಧ್ಯಾಹ್ನ ಫೋನ್ ಮಾಡಿದರೆ ತಂಗಿ ಹೇಳಿದಳು: "ನಿದ್ದೆ ಬರಲ್ಲ ಅಂತ ಅಕ್ಕ ಕಿಟಕಿ ಬಾಗಿಲಿಗೆ ದಾರ ಕಟ್ಕೊಂಡು ಮಲಗಿದಾಳೆ. ಗಾಳಿಗೆ ಬಾಗಿಲು ಆಡಿದಾಗೆಲ್ಲ ಎದ್ದು, 'ಬಂದೆ ಅತ್ತೆ' ಅಂತಾಳೆ."