ಇಬ್ಬರು ಹೆಂಗಸರ ಕಲ್ಲು

ಹೆಬ್ಬಳ್ಳಿಯ ಗಂಗಪ್ಪನ ಮನೆಯಲ್ಲಿ ಕೊನೆಯ ಮಾತು ಗಂಗಪ್ಪನದಾಗಿರಲಿಲ್ಲ. ಅವನ ಅಕ್ಕ ಸತ್ಯವ್ವನದಾಗಿತ್ತು. ಯಾವ ಹೊಲಕ್ಕೆ ಮೊದಲು ಕೂರಿಗೆ ಹೂಡಬೇಕು, ಯಾವ ಎಮ್ಮೆ ಮಾರಬೇಕು, ಬೀಗರ ಮನೆಯ ಮದುವೆಗೆ ಯಾರು ಹೋಗಬೇಕು ಎಂಬುದನ್ನೆಲ್ಲ ಅವನು ಅಂಗಳದಲ್ಲಿ ನಿಂತು, “ಅಕ್ಕಾ, ಏನಂತಿ?” ಎಂದು ಕೇಳುತ್ತಿದ್ದ. ಅವಳು ಕೈಯಲ್ಲಿದ್ದ ಕೆಲಸ ಬಿಡದೆ ಉತ್ತರ ಹೇಳುತ್ತಿದ್ದಳು. ಆದರೆ ೧೯೩೬ರ ಬೇಸಿಗೆಯಲ್ಲಿ ಅವನು ಕೇಳಿದ ಒಂದು ಮಾತಿಗೆ ವಾರ ಕಳೆದರೂ ಅವಳ ಉತ್ತರ ಬಂದಿರಲಿಲ್ಲ.

ಗಂಗಪ್ಪನ ಮಗಳು ಉಡಚವ್ವನ ಗಂಡ ವಾಂತಿಭೇದಿಯಲ್ಲಿ ಸತ್ತು ಎರಡು ವರ್ಷವಾಗಿತ್ತು. ಇಪ್ಪತ್ತರ ಹುಡುಗಿ ತವರಿಗೆ ಬಂದು ಕೂತಿದ್ದಳು. ಅಮ್ಮಿನಬಾವಿಯ ಒಬ್ಬ ರೈತ, ಹೆಂಡತಿ ತೀರಿಕೊಂಡವನು, ಅವಳನ್ನು ಉಡಕಿಗೆ ಕೇಳಿ ಕಳಿಸಿದ್ದ. ವಿಧವೆಗೆ ಹೊಸ ಸೀರೆ ಉಡಿಸಿ ಇನ್ನೊಬ್ಬನ ಮನೆಗೆ ಕಳಿಸುವ ಉಡಕಿ ಅವರ ಮಂದಿಯಲ್ಲಿ ಹೊಸದೇನೂ ಅಲ್ಲ, ಅದೇ ಓಣಿಯಲ್ಲಿ ಎಷ್ಟೋ ಆಗಿದ್ದವು. ಗಂಗಪ್ಪನ ಮನೆತನದಲ್ಲಿ ಮಾತ್ರ ಒಂದೂ ಆಗಿರಲಿಲ್ಲ. ಅದಕ್ಕೆ ಕಾರಣ ಅವರ ಹೊಲದ ಕಲ್ಲು.

ಅದು ಎದೆಯುದ್ದದ ಕರಿಯ ಕಲ್ಲು. ಕೆಳಗೆ ಒಬ್ಬ ಗಂಡಸು ಕತ್ತಿ ಹಿಡಿದು ಕಾದುತ್ತಿದ್ದಾನೆ. ನಡುವೆ ಅದೇ ಗಂಡಸು, ಅವನ ಎರಡು ಬದಿಗೆ ಇಬ್ಬರು ಹೆಂಗಸರು. ಮೇಲೆ ಲಿಂಗ, ಸೂರ್ಯ, ಚಂದ್ರ. ಆ ಗಂಡಸು ತಮ್ಮ ಮೂಲಪುರುಷ, ಆ ಇಬ್ಬರು ಅವನ ಹೆಂಡರು, ಗಂಡ ಸತ್ತಾಗ ಬೆಂಕಿಗೆ ಬಿದ್ದವರು ಎಂದು ಮನೆಯವರು ಹೇಳಿಕೊಂಡು ಬಂದಿದ್ದರು. ಪ್ರತಿ ಅಮಾವಾಸ್ಯೆಗೆ ಅದಕ್ಕೆ ಎಣ್ಣೆ ಹಚ್ಚಿ ಎಡೆ ಹಿಡಿಯುತ್ತಿದ್ದರು. ಅಂಥ ಹೆಂಗಸರ ಮನೆಯಲ್ಲಿ ಉಡಕಿಯ ಮಾತು ಎತ್ತುವುದು ಹೇಗೆ?

ಸತ್ಯವ್ವನಿಗೂ ಒಮ್ಮೆ ಉಡಕಿಯ ಮಾತು ಬಂದಿತ್ತು. ಎಂಟಕ್ಕೆ ಮದುವೆಯಾಗಿ ಹದಿಮೂರಕ್ಕೆ ವಿಧವೆಯಾದವಳು ಅವಳು. ಗಂಡನನ್ನು ನೋಡಿದ್ದು ಮದುವೆಯಲ್ಲೊಮ್ಮೆ, ಪಂಚಮಿ ಹಬ್ಬಕ್ಕೊಮ್ಮೆ. ಹರೆಯಕ್ಕೆ ಬಂದಾಗ ಯಾರೋ ಕೇಳಿಕೊಂಡು ಬಂದರು. ಅಜ್ಜಿ ಅವಳ ರಟ್ಟೆ ಹಿಡಿದು ಹೊಲಕ್ಕೆ ಕರೆದುಕೊಂಡು ಹೋಗಿ, “ಇವರ ಮಾರಿ ನೋಡಿ ಹೂಂ ಅನ್ನು, ನಾ ಬ್ಯಾಡ ಅನ್ನೂದಿಲ್ಲ,” ಎಂದಳು. ಸತ್ಯವ್ವ ನೋಡಿದಳು, ಹೂಂ ಎನ್ನಲಿಲ್ಲ. ಆಮೇಲೆ ತಮ್ಮನ ಮನೆಯನ್ನೇ ತನ್ನ ಮನೆ ಮಾಡಿಕೊಂಡಳು. ತಾಯಿಯಿಲ್ಲದ ಉಡಚವ್ವನನ್ನು ಸಾಕಿದವಳೂ ಅವಳೇ.

ಈಗ ಅದೇ ಉಡಚವ್ವನನ್ನು ರಟ್ಟೆ ಹಿಡಿದು ಕಲ್ಲಿನ ಮುಂದೆ ನಿಲ್ಲಿಸಬೇಕಾದವಳೂ ತಾನೇ. ಅವಳಿಗೆ ಅದು ಬೇಕಿರಲಿಲ್ಲ. ಬೇಡವೆಂದು ಹೇಳುವ ಧೈರ್ಯವೂ ಇರಲಿಲ್ಲ. ಕಲ್ಲು ಮುನಿದರೆ ಹುಡುಗಿಯ ಎರಡನೆಯ ಸಂಸಾರವೂ ಮುರಿಯುತ್ತದೆ ಎಂಬ ಭಯ ಅವಳನ್ನು ಬಿಟ್ಟಿರಲಿಲ್ಲ. ಕೊನೆಗೆ ಅವಳಿಗೆ ತೋಚಿದ್ದು ಒಂದೇ: ಕಲ್ಲಿನ ಅಪ್ಪಣೆ ಕೇಳುವುದು. ಒದ್ದೆ ಹೂ ಹಚ್ಚಬೇಕು. ಬಲಕ್ಕೆ ಬಿದ್ದರೆ ಆಗಲಿ, ಎಡಕ್ಕೆ ಬಿದ್ದರೆ ಬೇಡ.

ತೊಡಕೆಂದರೆ ಕಲ್ಲು ಹೊಲದಲ್ಲಿ ಇರಲಿಲ್ಲ. ಹಿಂದಿನ ವರ್ಷ ರಸ್ತೆ ಅಗಲ ಮಾಡುವಾಗ ಹೊಲದ ಮೂಲೆ ಹೋಗಿತ್ತು. ಧಾರವಾಡದ ಒಬ್ಬ ನಿವೃತ್ತ ಎಂಜಿನಿಯರ ಸಾಹೇಬರು ಅಂಥ ಕಲ್ಲುಗಳನ್ನೆಲ್ಲ ತರಿಸಿ ತಮ್ಮ ಬಂಗಲೆಯ ತೋಟದಲ್ಲಿ ನಿಲ್ಲಿಸುತ್ತಿದ್ದರು. ಇದನ್ನೂ ಗಾಡಿಯಲ್ಲಿ ಒಯ್ದರು. ತಡೆಯದೆ ನಿಂತ ಗಂಗಪ್ಪನ ಜೊತೆ ಸತ್ಯವ್ವ ಒಂದು ತಿಂಗಳು ಮಾತು ಬಿಟ್ಟಿದ್ದಳು. ಮಂಗಳವಾರ ಸಂತೆಗೆ ಬಂದವರಿಗೂ ಆ ತೋಟ ತೋರಿಸುತ್ತಾರೆಂದು ತಿಳಿದು, ಅವಳು ಸೆರಗಿನಲ್ಲಿ ಎರಡು ಕಣಗಿಲೆ ಹೂ ಕಟ್ಟಿಕೊಂಡು, ಉಡಚವ್ವನನ್ನು ಕರೆದುಕೊಂಡು ಚಕ್ಕಡಿ ಹತ್ತಿದಳು. ಗಂಗಪ್ಪ ಸಂತೆಯಲ್ಲೇ ಉಳಿದ. “ನಾ ಬರೂದಿಲ್ಲ, ಅದರ ಮುಂದ ನಿಂದ್ರಾಕ ನನಗ ಮಾರಿ ಇಲ್ಲ,” ಎಂದ.

ತೋಟ ತೋರಿಸುವವರು ಅಬ್ದುಲಮಜೀದ ಮಾಸ್ತರು. ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದ ಅವರಿಗೆ ಹಳೆಯ ಅಕ್ಷರ ಓದುವ ಹುಚ್ಚು. ಕೋಟು, ತುರ್ಕಿ ಟೊಪ್ಪಿಗೆ, ಕೈಯಲ್ಲಿ ಒಂದು ಬೆತ್ತ. ಅಂದು ನೋಡಲು ಬಂದವರಲ್ಲಿ ಇವರಿಬ್ಬರ ಹೊರತು ಇದ್ದವನು ಹುಬ್ಬಳ್ಳಿಯ ಅರಿವೆ ವ್ಯಾಪಾರಿ ಗುರುಶಿದ್ದಪ್ಪ ಒಬ್ಬನೇ. ಹೊಸ ಜೋಡು ಕಚ್ಚುತ್ತಿದ್ದರಿಂದ ಅವನು ಮೊದಲೇ ಕುಂಟುತ್ತಿದ್ದ.

“ನನ್ನ ಹಿಂದ ಬರ್ರಿ, ಕಲ್ಲು ಮುಟ್ಟಬ್ಯಾಡ್ರಿ. ಎಣ್ಣಿ ಹಚ್ಚಿದ್ರ ಅಕ್ಷರ ಮುಚ್ಚಿ ಹೋಗತಾವ,” ಎಂದರು ಮಾಸ್ತರು.

“ನಮಗ ಹೆಬ್ಬಳ್ಳಿ ಕಲ್ಲಷ್ಟಽ ತೋರಸ್ರಿ, ಸಾಕು,” ಎಂದಳು ಸತ್ಯವ್ವ.

“ಅದು ಹಿಂದಿನ ಗ್ವಾಡೀ ಹತ್ರ ಐತಿ. ದಾರ್ಯಾಗಿನ್ನೂ ನೋಡಿಕೋತ ಹೋಗೂಣ, ಯಕ್ಕಾ. ಅವೂ ಯಾರದೋ ಹೊಲದಾಗಿಂದಽ ಬಂದಾವ.”

ಮುರಿದ ಕೈಯ ದ್ವಾರಪಾಲಕ ಆಯಿತು, ತಲೆಯಿಲ್ಲದ ನಂದಿ ಆಯಿತು. ಬೇವಿನ ಮರದ ತಿರುವು ದಾಟುತ್ತಲೇ ಸತ್ಯವ್ವ ಮಾಸ್ತರರನ್ನು ಹಿಂದೆ ಹಾಕಿ ಒಂದು ಕಲ್ಲಿನ ಮುಂದೆ ಕೈಮುಗಿದು ನಿಂತಳು. “ಉಡಚಿ, ಲಗೂ ಬಾ. ಇದಽ ನಮ್ಮದು.”

ಮಾಸ್ತರರು ಬಂದು ತಲೆ ಅಲ್ಲಾಡಿಸಿದರು. “ಅಲ್ಲ ಯಕ್ಕಾ. ಇದು ಕಲಘಟಗಿ ಕಡೇದು.”

“ಹೆಂಗ ಅಲ್ಲ? ಕೆಳಗ ಕತ್ತಿ ಹಿಡದಾಂವ, ನಡು ಅವನ ಇಬ್ಬರು ಹೆಂಡರು, ಮ್ಯಾಲ ಲಿಂಗ. ನಾ ಹುಟ್ಟಿದಾಗಿಂದ ನೋಡೇನಿ.”

“ಅವರು ಹೆಂಡರಲ್ಲ. ಅಪ್ಸರೆಯರು. ಯುದ್ಧದಾಗ ಸತ್ತಾಂವನ್ನ ಸ್ವರ್ಗಕ್ಕ ಒಯ್ಯಾಕ ಮ್ಯಾಲಿಂದ ಬಂದಾರ.”

ಸತ್ಯವ್ವ ಅವರನ್ನು ಮೇಲಿಂದ ಕೆಳಗೆ ನೋಡಿದಳು. “ನೀವು ಸಾಬರು. ನಮ್ಮ ದೇವರ ಕಲ್ಲು ನಿಮಗೇನ ತಿಳೀತದ?”

“ಸಾಬ ಆದ್ರ ಕಣ್ಣಿಲ್ಲೇನು ಯಕ್ಕಾ?” ಎಂದು ಮಾಸ್ತರರು ನಕ್ಕರು. “ನನ್ನ ಮಾತು ನಂಬಬ್ಯಾಡ್ರಿ. ಮುಂದಿನ ಕಲ್ಲು ನೋಡ್ರಿ.”

ಮುಂದಿನ ಕಲ್ಲಿನಲ್ಲೂ ನಡುವೆ ಗಂಡಸು, ಎರಡು ಬದಿಗೆ ಇಬ್ಬರು ಹೆಂಗಸರು. ಅದರಾಚೆಯದರಲ್ಲೂ ಅಷ್ಟೇ. ಸತ್ಯವ್ವನ ನಡಿಗೆ ನಿಧಾನವಾಯಿತು. ಅವಳು ತನ್ನ ಜನ್ಮದಲ್ಲಿ ಅಂಥ ಕಲ್ಲು ನೋಡಿದ್ದು ಒಂದೇ. ಲೋಕದಲ್ಲಿ ಅದು ಒಂದೇ ಇದೆ ಎಂದುಕೊಂಡಿದ್ದಳು. ಇಲ್ಲಿ ಸಾಲುಸಾಲಾಗಿ ಗಂಡಸರು ಕತ್ತಿ ಎತ್ತಿದ್ದರು, ಸಾಲುಸಾಲಾಗಿ ಹೆಂಗಸರು ಅವರ ತೋಳು ಹಿಡಿದಿದ್ದರು. ಒಂದು ಕಲ್ಲಿನಲ್ಲಂತೂ ನಾಲ್ವರಿದ್ದರು.

“ನಾಕ ಮಂದಿ ಹೆಂಡರು!” ಎಂದ ಗುರುಶಿದ್ದಪ್ಪ, ಜೋಡು ಕಳಚಿ ಕೈಯಲ್ಲಿ ಹಿಡಿದುಕೊಳ್ಳುತ್ತ. “ಪಾಪ, ಯುದ್ಧಕ್ಕ ಹೋಗಿದ್ದಽ ಛಲೋ ಮಾಡ್ದಾ.”

ಉಡಚವ್ವ ಫಕ್ಕನೆ ನಕ್ಕು, ಅತ್ತೆಯ ಮುಖ ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸತ್ಯವ್ವ ನಗಲಿಲ್ಲ. ಅವಳು ಬಗ್ಗಿ ಆ ಗಂಡಸಿನ ಮುಖವನ್ನೇ ನೋಡುತ್ತಿದ್ದಳು.

“ಇಂವಗ ಮೀಸಿ ಸುದ್ದಾ ಬಂದಿಲ್ಲಲ್ರಿ. ಎಳೇ ಹುಡುಗ. ಇಂವಗ ನಾಕ ಮಂದಿ ಎಲ್ಲಿಂದ ಬರಬೇಕು?”

“ನಾನೂ ಅದನ್ನಽ ಹೇಳಾಕತ್ತೇನಿ,” ಎಂದರು ಮಾಸ್ತರು.

“ಹಂಗಾದ್ರ ಬೆಂಕೀ ಬಿದ್ದ ಹೆಂಗಸರಿಗೆ ಕಲ್ಲಽ ಇಲ್ಲೇನು?”

“ಐತಿ. ಇಲ್ಲಿ ಬರ್ರಿ.”

ಮಾಸ್ತರರು ತೋರಿಸಿದ ಕಲ್ಲಿನಲ್ಲಿ ಯುದ್ಧವಿರಲಿಲ್ಲ. ಒಂದು ಕಂಬ, ಕಂಬದಿಂದ ಹೊರಟ ಒಂದು ತೋಳು, ಮೊಣಕೈಯಲ್ಲಿ ಮಡಚಿ ಮೇಲೆತ್ತಿದ ಅಂಗೈ, ತೋಳಿನ ತುಂಬ ಬಳೆ. “ಇದು ಮಾಸ್ತಿಕಲ್ಲು. ಎಲ್ಲಿ ಈ ಬಳಿ ಕೈ ಐತಿ, ಅಲ್ಲಿ ಒಬ್ಬಾಕಿ ಸುಟ್ಟುಕೊಂಡಾಳ. ಕೈ ಇಲ್ಲಂದ್ರ ಇಲ್ಲ.”

ಸತ್ಯವ್ವ ಆ ತೋಳಿನ ಬಳೆಗಳನ್ನು ಒಂದೊಂದಾಗಿ ನೋಡಿದಳು. ಆಮೇಲೆ, “ನಮ್ಮದು ತೋರಸ್ರಿ,” ಎಂದಳು.

ಹೆಬ್ಬಳ್ಳಿಯ ಕಲ್ಲು ಹಿಂದಿನ ಗೋಡೆಗೆ ಒರಗಿ ನಿಂತಿತ್ತು. ಎಷ್ಟೋ ತಲೆಮಾರಿನ ಎಣ್ಣೆಯ ಜಿಡ್ಡನ್ನು ಕೆರೆದು ತೊಳೆದಿದ್ದರಿಂದ ಅದು ಹೊಸದಾಗಿ ಕಾಣುತ್ತಿತ್ತು. ಸತ್ಯವ್ವ ಅಡಿಯಿಂದ ಮುಡಿಯವರೆಗೆ ನೋಡಿದಳು. ಮಾಸ್ತಿಯ ಕೈ ಬದಿಯಲ್ಲಿ ಇರಲಿಲ್ಲ. ಹಿಂದೆ ಇರಬಹುದೆಂದು ಗೋಡೆಯ ಸಂದಿಯಲ್ಲಿ ಇಣುಕಿದಳು, ಅಲ್ಲೂ ಇರಲಿಲ್ಲ. ಇದ್ದದ್ದು ಮುಂಭಾಗದಲ್ಲಿ, ಜಿಡ್ಡಿನಡಿ ಇಷ್ಟು ದಿನ ಯಾರಿಗೂ ಕಾಣದಿದ್ದ ಒಂದು ಸಾಲು ಅಕ್ಷರ. ಮಾಸ್ತರರು ಬೆತ್ತದ ತುದಿಯಿಂದ ತೋರಿಸುತ್ತ ಓದಿದರು: “ತುರುವಂ ಮಗುಳ್ಚಿ ಸುರಲೋಕಪ್ರಾಪ್ತನಾದಂ. ಅಂದ್ರ, ಕಳ್ಳರು ಹೊಡಕೊಂಡು ಹೋದ ದನಾ ಹೊಳ್ಳಿ ತಂದು, ಸತ್ತು, ಸ್ವರ್ಗಕ್ಕ ಹೋದ. ಅಷ್ಟಽ ಬರದಾರ.”

“ಹೆಂಡತಿ ಎಲ್ಲಿ ಹೋದ್ಲು?”

“ಅಕೀ ಸುದ್ದಿ ಇದರಾಗ ಇಲ್ಲ.” ಮಾಸ್ತರರು ಬೆತ್ತವನ್ನು ಕಂಕುಳಿಗೆ ಸೇರಿಸಿದರು. “ಮನ್ಯಾಗಽ ಇದ್ದಿರಬೇಕು, ಯಕ್ಕಾ. ದನಾ ಅಂತೂ ಹೊಳ್ಳಿ ಬಂದಿದ್ವು. ಯಾರರೆ ಹಿಂಡಬೇಕಿತ್ತಲ್ಲ.”

ಸತ್ಯವ್ವನ ಬಾಯಿಂದ ಹೊರಟ ಸದ್ದು ಏನೆಂದು ಉಡಚವ್ವನಿಗೆ ಮೊದಲು ತಿಳಿಯಲಿಲ್ಲ. ಅತ್ತೆ ಅಳುತ್ತಿದ್ದಾಳೆಂದು ಹೆದರಿ ಅವಳ ಹೆಗಲು ಹಿಡಿದಳು. ಅತ್ತೆ ನಗುತ್ತಿದ್ದಳು. ತಲೆಯ ಮೇಲಿನ ಹೊರೆ ಇಳಿಸಿದವರಿಗೆ ಕುತ್ತಿಗೆ ತಾನಾಗಿ ಮೇಲೇಳುತ್ತದಲ್ಲ, ಹಾಗೆ ಅವಳ ಮುಖ ಎತ್ತಿತ್ತು.

“ನೀವು ಏನೋ ಕೇಳಾಕ ಬಂದೀರಿ ಅನಸ್ತದ,” ಎಂದರು ಮಾಸ್ತರು, ಅವಳ ಸೆರಗಿನ ಗಂಟು ಗಮನಿಸಿ. “ಕೇಳ್ರಿ. ನಾ ಆ ಕಡೆ ನೋಡತೇನಿ.”

“ಯಾರನ್ನ ಕೇಳ್ಲಿ? ಸ್ವರ್ಗದಾಗಿನ ಹುಡಿಗ್ಯಾರಿಗೆ ಸಂಸಾರದ ಸುದ್ದಿ ಏನ ಗೊತ್ತು?” ಸತ್ಯವ್ವ ಗಂಟು ಬಿಚ್ಚಿ, ಎರಡು ಹೂವನ್ನೂ ದನ ಬಿಡಿಸಿಕೊಂಡು ಬಂದವನ ಪಾದದ ಬಳಿ ಇಟ್ಟಳು. ಅದು ಕೇಳುವ ರೀತಿಯಲ್ಲ, ಸುಮ್ಮನೆ ಇಡುವ ರೀತಿ. ಮಾಸ್ತರರು ಬೇಡವೆನ್ನಲಿಲ್ಲ.

ಹೊರಗೆ ಬಂದು ಸಂತೆಯ ದಾರಿ ಹಿಡಿದಾಗ ಉಡಚವ್ವ ಅತ್ತೆಯ ಪಕ್ಕಕ್ಕೆ ಬಂದಳು. ಆಮೇಲೆ ಕೇಳಿದಳು: “ಅತ್ತಿ, ನಿನಗ ಸಿಟ್ಟು ಬರಲಿಲ್ಲೇನು?”

“ಯಾರ ಮ್ಯಾಲ?”

“ನಿಮ್ಮಜ್ಜೀ ಮ್ಯಾಲ. ನಿನ್ನ ಜನ್ಮ ಹಿಂಗಽ ಹೋತಲ್ಲ.”

“ಅಕಿನೂ ಒಂದಽ ಕಲ್ಲು ನೋಡಿದಾಕಿ. ಅಕೀಗೆ ಯಾರು ಇಲ್ಲೆಲ್ಲಾ ಅಡ್ಡಾಡಿಸಿ ತೋರಸಿದ್ರು?” ಎಂದಳು ಸತ್ಯವ್ವ. ಸ್ವಲ್ಪ ಮುಂದೆ ಹೋಗಿ ಅವಳೇ ಮತ್ತೆ ಹೇಳಿದಳು: “ನನ್ನ ಜನ್ಮ ಎಲ್ಲೀ ಹೋಗಿಲ್ಲ. ನಿನ್ನ ಸಾಕೇನಿ, ನಿಮ್ಮಪ್ಪಗ ಬುದ್ಧಿ ಹೇಳೇನಿ. ನಿನಗೂ ಬ್ಯಾಡ ಅನ್ನೂ ಪಾಳಿ ನನಗ ಬಂದಿತ್ತು ನೋಡು, ಅದು ತಪ್ಪಿತು. ಅಷ್ಟು ಸಾಕು ನನಗ. ಖರೇ ಹೇಳು, ಅಮ್ಮಿನಬಾವ್ಯಾಂವ ನಿನಗ ಮನಸಿಗೆ ಬಂದಾನೋ ಇಲ್ಲೋ?”

ಉಡಚವ್ವ ನೆಲ ನೋಡಿದಳು. “ಬಂದಾನ. ಕಿವಿ ಸ್ವಲ್ಪ ದೊಡ್ಡು ಅದಾವ.”

“ಇರಲಿ. ನೀ ಹೇಳಿದ್ದು ಕೇಳಸ್ತದ.”

ಚಕ್ಕಡಿಯ ಹತ್ತಿರ ಗಂಗಪ್ಪ ಎತ್ತುಗಳಿಗೆ ಮೇವು ಹಾಕಿ, ಅದನ್ನೇ ಮತ್ತೆ ಮತ್ತೆ ಸರಿಮಾಡುತ್ತ ನಿಂತಿದ್ದ. ಇವರನ್ನು ಕಂಡು ಎತ್ತು ಹೂಡಿದ. ಊರ ಗದ್ದಲ ಹಿಂದಾಗಿ ಎರಡು ಬದಿಗೂ ಕರಿಯ ಹೊಲಗಳು ಬಂದ ಮೇಲೆ, ಹಿಂದೆ ತಿರುಗದೆಯೇ ಕೇಳಿದ: “ಅಕ್ಕಾ, ಏನ ಅಂತು ಕಲ್ಲು?”

“ಕಲ್ಲು ಏನೂ ಅನ್ನಲಿಲ್ಲ. ನಾ ಹೇಳಾಕತ್ತೇನಿ. ಅಮ್ಮಿನಬಾವ್ಯಾವರಿಗೆ ಸೀರಿ ತಗೊಂಡು ಬರ್ರಿ ಅಂತ ನಾಳೆನ ಹೇಳಿ ಕಳಿಸು.”

ಗಂಗಪ್ಪ ಹಗ್ಗ ಬಿಗಿ ಹಿಡಿದ. “ಊರಾಗ ಹಿರ್ಯಾರು ಕೇಳಿದ್ರ? ಆ ಇಬ್ಬರು ತಾಯಂದಿರ ಮಾತು?”

“ಅವರು ತಾಯಂದಿರಲ್ಲ, ಅಪ್ಸರೆಯರು. ನಂಬದಿದ್ರ ಮಂಗಳವಾರ ಹೋಗಿ ನೋಡಿ ಬರ್ರಿ ಅನ್ನು. ಬರೇ ನಮ್ಮ ಕಲ್ಲು ನೋಡಿ ಹೊಳ್ಳಿ ಬರಬ್ಯಾಡ್ರಿ, ಎಲ್ಲಾ ನೋಡ್ರಿ ಅನ್ನು.”

ಮುಂದೆ ಕೂತವನ ಬೆನ್ನು ಅಲುಗಾಡಲು ಹತ್ತಿತು. ಎರಡು ವರ್ಷ ಮಗಳ ಮುಖ ನೋಡಿ ಊಟ ಮಾಡಲಾರದೆ, ಅಕ್ಕನಿಗೆ ಎದುರು ಹೇಳಲಾರದೆ ಇದ್ದ ಮನುಷ್ಯ ರುಮಾಲಿನ ತುದಿಯಿಂದ ಕಣ್ಣೊರೆಸಿಕೊಳ್ಳುತ್ತ ಹಗ್ಗವನ್ನು ಮರೆತ.

“ಅಳೂದು ಮನಿಗೆ ಹೋಗಿ ಅಳು, ಗಂಗ್ಯಾ,” ಎಂದಳು ಸತ್ಯವ್ವ. “ಎತ್ತು ಹಳ್ಳಕ್ಕ ಇಳ್ಯಾಕತ್ತಾವ.”