ಹೆಪ್ಪು ಹಾಕದೆ ನಿಂತ ಕೈ

ಮಂಗಳವಾರ, ಬೆಳಗಿನ ಐದೂಮುಕ್ಕಾಲು. ಸೋಲದೇವನಹಳ್ಳಿಯ ಖಾಸಗಿ ಪ್ರಯೋಗಾಲಯವೊಂದರಲ್ಲಿ ಮುನಿಗಂಗಮ್ಮ ಎರಡೂ ಕೈಗಳನ್ನು ಕೋಟಿನ ಜೇಬಿಗೆ ಹಾಕಿಕೊಂಡು ನಿಂತಿದ್ದಾರೆ. ಎದುರಿನ ಗಾಜಿನ ಜಾಡಿ ಈಗಷ್ಟೇ ಬಿಸಿನೀರಿನಿಂದ ಹೊರಬಂದಿದೆ. ಅದು ಆರಿ, ಮುಚ್ಚಳ ಬಿಗಿಯುವ ಹೊತ್ತಾಗುವವರೆಗೆ ಅವರು ಕೈ ಹೊರತೆಗೆಯುವುದಿಲ್ಲ.

ಜಾಡಿಯಲ್ಲಿರುವುದು ಮೊಸರಿನ ಜಾತಿಯ ಬ್ಯಾಕ್ಟೀರಿಯಾ. ಕಾಯಿಸಿ ಅವನ್ನು ಕೊಲ್ಲುವುದು ಮುನಿಗಂಗಮ್ಮನವರ ಕೆಲಸ. ಸತ್ತ ಬ್ಯಾಕ್ಟೀರಿಯಾದಿಂದಲೂ, ಅದು ಬದುಕಿದ್ದಾಗ ತಯಾರಿಸಿಟ್ಟ ವಸ್ತುಗಳಿಂದಲೂ ಕರುಳಿಗೆ ಒಳಿತಾಗಬಹುದು ಎಂಬುದು ಸಂಶೋಧಕರ ನಿರೀಕ್ಷೆ. ಪೋಸ್ಟ್‌ಬಯಾಟಿಕ್ ಎಂದು ಇದರ ಹೆಸರು. "ತೀರಾ ನಿತ್ರಾಣರಾದ ರೋಗಿಗಳಿಗೆ ಜೀವಂತ ಬ್ಯಾಕ್ಟೀರಿಯಾ ಕೊಡೋಕೆ ಡಾಕ್ಟರ್‌ಗಳು ಹಿಂಜರೀತಾರೆ, ಅದಕ್ಕೇ ಇದು. ಗುಣ ಆಗುತ್ತೆ ಅಂತ ಈಗಲೇ ಬರೀಬೇಡಿ, ಪರೀಕ್ಷೆ ಇನ್ನೂ ನಡೀತಿದೆ," ಎನ್ನುತ್ತಾರೆ ವಿಜ್ಞಾನಿ ರಮಾ.

ಜೇಬಿನ ಕತೆ ಹೇಳುವವರು ಟೆಕ್ನಿಷಿಯನ್ ಭೀಮರಾಜ್. ಕಳೆದ ತಿಂಗಳು ಜಾಡಿ ಉಗುರುಬೆಚ್ಚಗಾಗುತ್ತಲೇ ಮುನಿಗಂಗಮ್ಮ ಪಕ್ಕದ ಬಾಟಲಿಯಿಂದ ಒಂದು ಚಮಚ ಜೀವಂತ ಬ್ಯಾಕ್ಟೀರಿಯಾ ಬೆರೆಸಿ ಮುಚ್ಚಿಟ್ಟುಬಿಟ್ಟಿದ್ದರು, ಮನೆಯಲ್ಲಿ ಕಾಯಿಸಿದ ಹಾಲಿಗೆ ಮಾಡುವ ಹಾಗೆ. "ಸಾಯ್ಸಿ ಅಂತ ಕೊಟ್ರೆ ಬದುಕ್ಸಿ ಕೊಟ್ರು ಕಣ್ರೀ!"

"ನಗು ಮಗಾ, ನಗು. ನಿನ್ ಕೈ ಯಾವತ್ತಾದ್ರೂ ಆಲಿಗೆ ಎಪ್ಪು ಆಕೈತಾ?" ಎಂದು ಮುನಿಗಂಗಮ್ಮ ತಿರುಗೇಟು ಕೊಡುತ್ತಾರೆ.

ಆ ಜಾಡಿ ವ್ಯರ್ಥವಾಯಿತು. ಇನ್ನೊಮ್ಮೆ ಹಾಗಾದರೆ ಕಾಯಿಸುವ ಕೆಲಸ ಬೇರೆಯವರಿಗೆ ಹೋಗುತ್ತದೆ. ಇವರು ಆರು ವರ್ಷ ಮಾಡಿದ ಗಾಜು ತೊಳೆಯುವ ಕೆಲಸಕ್ಕೇ ಮರಳಬೇಕು. 2018ರಲ್ಲಿ ಅವರಿಗೆ ಈ ಬಡ್ತಿ ಸಿಕ್ಕಿದ್ದು. ತಪ್ಪಿನ ನಂತರದ ಮೊದಲ ಜಾಡಿ ಇದು.

ಹುಣಸಮಾರನಹಳ್ಳಿಯ ಅವರ ಮನೆಯಲ್ಲಿ ಪ್ರತಿ ರಾತ್ರಿ ಹಾಲಿಗೆ ಹೆಪ್ಪು ಬೀಳುತ್ತದೆ. "ನಮ್ಮತ್ತೆ ಕೊಟ್ಟ ಎಪ್ಪು ಇವತ್ಗೂ ಕೆಟ್ಟಿಲ್ಲ. ಅಲ್ಲಿ ಅದು ಸಾಯ್ಬಾರ್ದು, ಇಲ್ಲಿ ಒಂದೂ ಉಳೀಬಾರ್ದು. ಎಲ್ಡೂ ಇದೇ ಕೈ ಮಾಡ್ಬೇಕಲ್ಲ!"

ಜಾಡಿಯ ಹನಿಯೊಂದನ್ನು ಗಾಜಿನ ತಟ್ಟೆಗೆ ಹಾಕಿ ಎರಡು ದಿನ ಬೆಚ್ಚಗಿಡುತ್ತಾರೆ. ಜೀವ ಉಳಿದಿದ್ದರೆ ಬಿಳಿ ಚುಕ್ಕೆ ಮೂಡುತ್ತದೆ. ಗುರುವಾರ ಬೆಳಿಗ್ಗೆ ರಮಾ ತಟ್ಟೆಯನ್ನು ಬೆಳಕಿಗೆ ಹಿಡಿಯುತ್ತಾರೆ. "ಏನೂ ಇಲ್ಲ."

"ಇನ್ನೊಂದ್ ಕಿತ ನೋಡಿ ಮೇಡಂ."

"ಏನೂ ಇಲ್ಲ, ಮುನಿಗಂಗಮ್ಮ."

ಅವರು ತಟ್ಟೆಯನ್ನು ತಾವೇ ತೆಗೆದುಕೊಂಡು ಕಿಟಕಿಯ ಬಳಿ ತಿರುಗಿಸಿ ನೋಡುತ್ತಾರೆ. "ಖಾಲಿ ತಟ್ಟೆ ನೋಡಿ ಇಷ್ಟು ಖುಷಿ ಪಡೋಳು ನಾನೊಬ್ಳೇ ಇರ್ಬೇಕು."

ಮಧ್ಯಾಹ್ನ ಜಾಡಿ ಹೆಬ್ಬಾಳದ ಆಸ್ಪತ್ರೆಯೊಂದಕ್ಕೆ ಹೋಯಿತು. ಶುಕ್ರವಾರ ಬೆಳಿಗ್ಗೆ ಮುಂದಿನ ಜಾಡಿಯನ್ನು ಕಾಯಿಸಿದವರೂ ಮುನಿಗಂಗಮ್ಮನವರೇ.